ಅಡಿವೆಪ್ಪ ಹರಾಜಿನಲ್ಲಿ ಹಿಡಿದ ಕೋಣೆ

ಅಡಿವೆಪ್ಪನ ಮನೆಯ ಕಪಾಟೊಂದನ್ನು ತೆರೆದರೆ ಸಾಕು, ಅವನ ಅರ್ಧ ಬದುಕಿನ ಕತೆ ತಾನಾಗೇ ತಿಳಿಯುತ್ತಿತ್ತು. ಮೇಲಿನ ಹಲಗೆಯ ಮೇಲೆ ಗುಳೇದಗುಡ್ಡದ ಖಣದಿಂದ ಹೊಲಿಸಿದ ಲ್ಯಾಪ್‌ಟಾಪ್ ಚೀಲಗಳು, ಮುನ್ನೂರಕ್ಕೂ ಮೇಲೆ. ಹತ್ತು ಸಲ ಎಳೆದರೆ ಜಿಪ್ಪು ಕೈಗೇ ಬರುವಂಥವು. ಅದರ ಕೆಳಗೆ, ರಿಯಲ್ ಎಸ್ಟೇಟ್ ಏಜೆಂಟನಾಗಿದ್ದಾಗ ತನ್ನದೇ ಫೋಟೋ ಹಾಕಿಸಿ ಅಚ್ಚು ಮಾಡಿಸಿದ್ದ ಕ್ಯಾಲೆಂಡರುಗಳು. ಆ ಕಸುಬಿನಲ್ಲಿ ಅವನು ಮಾರಿದ್ದು ಒಂದೇ ಮನೆ, ಕೊಂಡವನೂ ಅವನೇ. ೨೦೦೯ರಲ್ಲಿ ಬ್ಯಾಂಕಿನವರು ಅದನ್ನು ವಾಪಸ್ ತೆಗೆದುಕೊಂಡರು. ತೀರ ಕೆಳಗೆ ಎರೆಹುಳ ಸಾಕುವ ಪ್ಲಾಸ್ಟಿಕ್ ತಟ್ಟೆಗಳು. ಹುಳಗಳು ಮಾತ್ರ ಇರಲಿಲ್ಲ. ಒಂದು ಜುಲೈ ಮಧ್ಯಾಹ್ನ ಸೆಕೆ ತಾಳದೆ ಬಾಲ್ಕನಿಯಿಂದ ಇಳಿದು, ಕೆಳಗಿನ ಮನೆಯವರು ಹುಟ್ಟುಹಬ್ಬಕ್ಕೆ ಹಾಕಿದ್ದ ಮೇಜಿನ ಮೇಲೆ ಬಿದ್ದು ಹೋಗಿದ್ದವು.

ಪ್ರತಿಯೊಂದಕ್ಕೂ ಕೈ ಹಾಕುವಾಗ ಅವನು ಹೆಂಡತಿಗೆ ಹೇಳುತ್ತಿದ್ದ ಮಾತು ಒಂದೇ. "ಈ ಸಲ ಹಂಗಲ್ಲ ನಾಗವ್ವ, ಈ ಸಲ ಬ್ಯಾರೆ ಐತಿ."

ಹಾಗಂತ ಅವನು ದುಡಿಯದ ಮನುಷ್ಯನಲ್ಲ. ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಫ್ಯಾಕ್ಟರಿಯಲ್ಲಿ ಏಳು ವರ್ಷ ಕಳೆದು, ಇಪ್ಪತ್ತೈದು ವರ್ಷದ ಹಿಂದೆ ಡಾಲರಿನ ದೇಶದ ಫ್ರೀಮಾಂಟಿಗೆ ಬಂದವನು. ಕಂಪ್ಯೂಟರ್ ಚಿಪ್ ಮಾಡುವ ಯಂತ್ರಗಳೊಳಗಿನ ಗಾಳಿಯನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪುಗಳ ರಿಪೇರಿ ಅವನ ಕೆಲಸ. ಪಂಪಿನ ಮೇಲೆ ಅಂಗೈ ಇಟ್ಟರೆ ಯಾವ ಬೇರಿಂಗು ಸವೆದಿದೆ ಎಂದು ಹೇಳುತ್ತಿದ್ದ. ಕಂಪನಿಗಳು ನಾಲ್ಕು ಬದಲಾದವು, ಕೈ ಅದೇ ಇತ್ತು. ಆದರೆ ಆ ಕೈಯಿಂದ ಬರುವ ಸಂಬಳ ಅವನಿಗೆ ಎಂದೂ ನಿಜವಾದ ದುಡ್ಡು ಅನ್ನಿಸಲೇ ಇಲ್ಲ. ಸುತ್ತಲೂ ಕಂಪನಿಯ ಷೇರು ಬಂದು ರಾತ್ರೋರಾತ್ರಿ ಮನೆ ಕೊಂಡವರಿದ್ದರು. ತನಗೆ ಬರಬೇಕಾದ್ದು ಇಲ್ಲೇ ಎಲ್ಲೋ ಪಕ್ಕದ ಬೀದಿಯಲ್ಲಿ ವಿಳಾಸ ತಪ್ಪಿ ತಿರುಗುತ್ತಿದೆ ಎಂದೇ ಅವನು ನಂಬಿದ್ದ.

ನಾಗವ್ವ ಒಂದು ಡೇಕೇರಿನಲ್ಲಿ ಎರಡು ವರ್ಷದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ದಿನಕ್ಕೆ ನೂರು ಸಲ ನೆಲಕ್ಕೆ ಕೂತು ಎದ್ದು ಬಲ ಮಂಡಿ ಸವೆದುಹೋಗಿತ್ತು. ಡಾಕ್ಟರು ಏಪ್ರಿಲ್ ಹದಿನಾಲ್ಕಕ್ಕೆ ಆಪರೇಷನ್ ದಿನ ಗೊತ್ತು ಮಾಡಿದ್ದರು. ಮಗಳು ಸ್ನೇಹಲ್ ಪ್ಲೆಸೆಂಟನ್ನಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ, ಗೆಳತಿಯರ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಭಾನುವಾರ ಬಂದು ರೊಟ್ಟಿ ಉಂಡು ಹೋಗುತ್ತಿದ್ದಳು.

ಜನವರಿಯಲ್ಲಿ ಅಡಿವೆಪ್ಪನ ಕಂಪನಿ ಮೂವತ್ತು ಜನರನ್ನು ಮನೆಗೆ ಕಳಿಸಿತು. ಅವರಲ್ಲಿ ಅವನೂ ಒಬ್ಬ. ಮನೆಗೆ ಬಂದವನ ಮುಖದಲ್ಲಿ ಬೇಸರಕ್ಕಿಂತ ಏನೋ ಒಂದು ಹುಮ್ಮಸ್ಸು ಕಂಡು ನಾಗವ್ವನಿಗೆ ಹೆದರಿಕೆಯಾಯಿತು.

"ಛಲೋನ ಆತು ಬಿಡು," ಎಂದ. "ಇಷ್ಟ ದಿನ ಶನಿವಾರ, ರವಿವಾರ ಅಷ್ಟ ಟೈಮ್ ಸಿಗತಿತ್ತು. ಇನ್ನ ಪೂರ್ತಿ ಸ್ಟೋರೇಜಿಗೇ ಕೂಡತೇನಿ."

ಸ್ಟೋರೇಜು ಎಂಬುದು ಅವನ ಆಗಿನ ಹುಚ್ಚು. ಮನೆ ಬದಲಿಸುವವರು, ಮನೆ ಕಳೆದುಕೊಂಡವರು ಸಾಮಾನು ತುಂಬಿಟ್ಟು ತಿಂಗಳ ಬಾಡಿಗೆ ಕಟ್ಟುವ ಶಟರ್ ಕೋಣೆಗಳು ಫ್ರೀವೇ ಪಕ್ಕದಲ್ಲಿ ಸಾಲುಸಾಲಾಗಿ ಇವೆ. ಬಾಡಿಗೆ ನಿಂತುಹೋದರೆ ಒಳಗಿದ್ದದ್ದನ್ನೆಲ್ಲ ಆನ್‌ಲೈನಿನಲ್ಲಿ ಹರಾಜು ಹಾಕುತ್ತಾರೆ. ಬಾಗಿಲಲ್ಲಿ ನಿಂತು ತೆಗೆದ ನಾಲ್ಕು ಫೋಟೋ ನೋಡಿಯೇ ಬೆಲೆ ಕೂಗಬೇಕು. ಒಳಗೆ ಏನಿದೆಯೋ ಅದು ಹಿಡಿದವರ ಅದೃಷ್ಟ. ಅಡಿವೆಪ್ಪ ಅದುವರೆಗೆ ಐದು ಕೋಣೆ ಹಿಡಿದಿದ್ದ. ಒಂದರಲ್ಲಿ ಟ್ರೆಡ್‌ಮಿಲ್ ಪಟ್ಟಿಗಳು, ಒಂದರಲ್ಲಿ ಎಡಗಾಲಿನವೇ ಆದ ಅಂಗಡಿಯ ಮಾದರಿ ಶೂಗಳು, ಉಳಿದವುಗಳಲ್ಲಿ ಹಾಸಿಗೆ, ಒದ್ದೆ ಪುಸ್ತಕ, ಮತ್ತೆ ಹಾಸಿಗೆ. ಸಾಮಾನು ಸಾಗಿಸಲು ಜೊತೆಗೆ ಬರುತ್ತಿದ್ದವನು ಹಳೆಯ ಸಹೋದ್ಯೋಗಿ ಇನಾಯತುಲ್ಲಾ. ಮೈಸೂರಿನವನು, ಮೆತ್ತಗಿನ ಮನುಷ್ಯ, ಪಿಕಪ್ ಟ್ರಕ್ಕು ಇದ್ದವನು. "ಅಡಿವೆಪ್ಪನೋರೇ, ಕಸ ಎಸೆಯಕ್ಕೂ ನೀವೇ ದುಡ್ಡು ಕೊಡ್ತಾ ಇದೀರಲ್ಲ" ಎಂದು ನಗುತ್ತಿದ್ದ. ಆದರೂ ಬರುತ್ತಿದ್ದ.

ಕೆಲಸದ ಜೊತೆ, ಆಸ್ಪತ್ರೆ ಖರ್ಚಿಗೆಂದು ಕಂಪನಿ ಕೊಟ್ಟಿದ್ದ ಇನ್ಶೂರೆನ್ಸೂ ಹೋಗಿತ್ತು. ಅರವತ್ತು ದಿನದೊಳಗೆ ಕೈಯಿಂದ ದುಡ್ಡು ಕಟ್ಟಿದರೆ ಹಳೆಯದನ್ನೇ ಮುಂದುವರಿಸಬಹುದು, ಏಪ್ರಿಲ್ ಆಪರೇಷನ್ ನಿಲ್ಲುವುದಿಲ್ಲ ಎಂದು ಕಾಗದ ಬಂತು. ತಿಂಗಳಿಗೆ ಕೇಳಿದ ಮೊತ್ತ ಹೆಚ್ಚುಕಮ್ಮಿ ಮನೆ ಬಾಡಿಗೆಯಷ್ಟೇ ಇತ್ತು. ನಾಗವ್ವ ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಮಾರ್ಚ್ ಹದಿನೇಳು ಎಂಬಲ್ಲಿ ಕೆಂಪು ಗೆರೆ ಎಳೆದಳು.

ಫೆಬ್ರವರಿಯ ಎರಡನೇ ವಾರ ಒಂದು ಕೋಣೆಯ ಫೋಟೋ ಬಂತು. ಡಬ್ಬಗಳು, ಮಡಚಿದ ಮೇಜು, ಒಂದು ಮೂಲೆಯಲ್ಲಿ ಬಟ್ಟೆ ಸುತ್ತಿದ ರುಬ್ಬುವ ಗ್ರೈಂಡರ್. ಬಟ್ಟೆ ಜಾರಿದ ಕಡೆ ಕೊಯಮತ್ತೂರಿನ ಕಂಪನಿಯ ಚೀಟಿ ಕಾಣುತ್ತಿತ್ತು. ಅಡಿವೆಪ್ಪ ಲ್ಯಾಪ್‌ಟಾಪನ್ನು ಎತ್ತಿಕೊಂಡೇ ಅಡಿಗೆಮನೆಗೆ ಬಂದ.

"ನಮ್ಮ ಕಡೆ ಮಂದಿ ಸಾಮಾನಿದು. ನಮ್ಮ ಮಂದಿ ಬಂಗಾರ ಎಲ್ಲಿಡತಾರ ಹೇಳು? ಬ್ಯಾಂಕಿನಾಗ ಇಡೂದಿಲ್ಲ. ಅಕ್ಕಿ ಡಬ್ಬಿ, ಗ್ರೈಂಡರು, ಗಾದಿ ಒಳಗ. ಈ ಬಿಳಿ ಮಂದಿಗೆ ಇದು ತಿಳಿಯಂಗಿಲ್ಲ. ನನಗ ತಿಳೀತೈತಿ."

ಒಂಬೈನೂರು ಡಾಲರಿಗೆ ಕೋಣೆ ಅವನದಾಯಿತು. ಅವನ ಜೀವಮಾನದಲ್ಲಿ ಮೊದಲ ಸಲ ಅವನ ಲೆಕ್ಕ ಸರಿಯಾಗಿತ್ತು. ಗ್ರೈಂಡರಿನ ಪಾತ್ರೆಯ ಬಾಯಿಗೆ ಟೇಪು ಸುತ್ತಿತ್ತು. ಬಿಚ್ಚಿ ಕಲ್ಲು ಎತ್ತಿದರೆ ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟು. ಒಳಗೆ ಒಂದು ಅವಲಕ್ಕಿ ಸರ, ಒಂದು ಜೊತೆ ಜುಮುಕಿ, ಎರಡು ದಪ್ಪ ಬಳೆ.

ಇನಾಯತುಲ್ಲಾ ಒಂದು ಹೆಜ್ಜೆ ಹಿಂದೆ ಸರಿದ. "ಇದು ಬೇಡ ಅಡಿವೆಪ್ಪನೋರೇ. ಆಫೀಸಿನೋರಿಗೆ ಕೊಟ್ಬಿಡಿ."

"ಕಾಯ್ದೆ ಪ್ರಕಾರ ನನ್ನದು," ಎಂದ ಅಡಿವೆಪ್ಪ. ಗಂಟನ್ನು ಮತ್ತೆ ಬಿಗಿದು ಕಟ್ಟಿದ.

ಮನೆಗೆ ತಂದು ತೋರಿಸಿದಾಗ ನಾಗವ್ವ ಮೊದಲು ಬೈಯಲಿಲ್ಲ. ಬಳೆಯೊಂದನ್ನು ಕೈಗೆ ತೊಡಲು ನೋಡಿದಳು. ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ತೆಗೆದು ಕೆಳಗಿಟ್ಟು, ಅಡಿವೆಪ್ಪ ತಂದಿದ್ದ ಡಬ್ಬದೊಳಗಿನ ಸ್ಟೀಲ್ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ದೊಡ್ಡ ತಟ್ಟೆಯೊಂದರ ಹಿಂದೆ ಚುಕ್ಕಿಚುಕ್ಕಿಯಾಗಿ ಕನ್ನಡದಲ್ಲಿ ಕೊರೆದಿತ್ತು: ವಸುಧಾ – ಶಿವರಾಮು, ಗೃಹಪ್ರವೇಶದ ನೆನಪಿಗೆ.

"ಯಾವದೋ ಹೆಣ್ಮಗಳ ಸಂಸಾರ ಇದು," ಎಂದಳು. "ಹುಡುಕಿ ಕೊಡ್ರಿ."

"ಅಲ್ಲ, ಕಾಯ್ದೆ..."

"ನಾ ಕಾಯ್ದೆ ಕೇಳಲಿಲ್ಲ."

ಆ ಭಾನುವಾರ ಸ್ನೇಹಲ್ ಬಂದಾಗಲೂ ಇದೇ ಮಾತಾಯಿತು. "ಅಪ್ಪಾ, ದಿಸ್ ಈಸ್ ಸಮ್‌ಬಡೀಸ್ ಹೋಮ್," ಎಂದಳು ಮಗಳು, ಊಟದ ತಟ್ಟೆ ಸರಿಸಿ. ಅಡಿವೆಪ್ಪ ಒಪ್ಪಿಕೊಂಡ. ಹುಡುಕುತ್ತೇನೆ ಎಂದ. ಗಂಟನ್ನು ಕಪಾಟಿನಲ್ಲಿ ಖಣದ ಚೀಲವೊಂದರೊಳಗೆ ಇಟ್ಟ. ಹುಡುಕುವುದು ಅಂದರೆ ಅವನ ಮಟ್ಟಿಗೆ, ಸ್ಟೋರೇಜಿನ ಆಫೀಸಿಗೆ ಒಮ್ಮೆ ಫೋನು ಮಾಡಿದ್ದು. ಬಾಡಿಗೆದಾರರ ವಿವರ ಕೊಡಲಾಗದು ಎಂದು ಅವರು ಹೇಳಿದಾಗ ಅವನಿಗೆ ಒಳಗೊಳಗೇ ಹಾಯೆನಿಸಿತು.

ಮಾರ್ಚ್ ಬಂತು. ನಾಗವ್ವ ಡೇಕೇರಿನಿಂದ ಬಂದವಳು ಕಾರಿನಿಂದ ಇಳಿಯಲು ಎರಡೂ ಕೈಯಿಂದ ಕಾಲನ್ನು ಎತ್ತಿ ಹೊರಗಿಡುವುದನ್ನು ಅವನು ಬಾಲ್ಕನಿಯಿಂದ ನೋಡಿದ. ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೋದ ಮೇಲೆ, ಬಳೆ ಎರಡನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಫ್ರೀಮಾಂಟಿನ ಒಡವೆ ಅಂಗಡಿಗೆ ಹೋದ. ಇದು ಕದಿಯುವುದಲ್ಲ, ಮಂಡಿಗಾಗಿ ಮಾಡುವುದು, ಸರ ಮತ್ತು ಜುಮುಕಿ ಹಾಗೇ ಇವೆ, ಬಳೆಯ ದುಡ್ಡು ಮುಂದೆ ಕೊಟ್ಟರಾಯಿತು ಎಂದು ದಾರಿಯುದ್ದಕ್ಕೂ ತನಗೇ ಹೇಳಿಕೊಂಡ. ಅಂಗಡಿಯವನು ತೂಗಿ ನಾಲ್ಕು ಸಾವಿರದಷ್ಟು ಕೊಟ್ಟ. ಇನ್ಶೂರೆನ್ಸಿನ ಬಾಕಿಗೆ ಅದು ಸರಿಹೋಗುತ್ತಿತ್ತು. ನೇರ ಮನೆಗೆ ಬಂದು ಕಟ್ಟಿಬಿಟ್ಟಿದ್ದರೆ ಕತೆ ಬೇರೆಯಾಗುತ್ತಿತ್ತೋ ಏನೋ.

ಕಟ್ಟಲೆಂದೇ ಲ್ಯಾಪ್‌ಟಾಪ್ ತೆರೆದ. ತೆರೆದೊಡನೆ ಹರಾಜಿನ ಪುಟ ಬಂತು. ಸ್ಯಾನ್ ಹೋಸೆಯ ಒಂದು ಕೋಣೆ. ಫೋಟೋದಲ್ಲಿ ಆರು ವ್ಯಾಕ್ಯೂಮ್ ಪಂಪು.

ಇದು ಶೂ ಅಲ್ಲ, ಹಾಸಿಗೆ ಅಲ್ಲ. ಅವನ ಕೈಗೆ ಗೊತ್ತಿದ್ದ ವಸ್ತು. ಮಾದರಿ ಯಾವುದು, ಹೊಸತಾದರೆ ಎಷ್ಟು, ರಿಪೇರಿ ಮಾಡಿ ಮಾರಿದರೆ ಎಷ್ಟು ಎಂಬುದು ಬಾಯಿಪಾಠ. ಆರು ಪಂಪಿಗೆ ಕಡಿಮೆಯೆಂದರೂ ಹದಿನೆಂಟು ಸಾವಿರ. ಬಳೆಯ ದುಡ್ಡನ್ನು ಆ ಹೆಣ್ಣುಮಗಳಿಗೆ ಇಡಬಹುದು, ಇನ್ಶೂರೆನ್ಸೂ ಕಟ್ಟಬಹುದು. ಗಡುವಿಗೆ ಇನ್ನೂ ಹನ್ನೆರಡು ದಿನ ಇತ್ತು. ಮೂರು ಸಾವಿರದ ಆರುನೂರಕ್ಕೆ ಕೋಣೆ ಹಿಡಿದ.

ಶಟರ್ ಎತ್ತಿದಾಗ ಮೊದಲು ಬಂದದ್ದು ವಾಸನೆ. ಮೂಗು ಸುಡುವ, ಸ್ವಲ್ಪ ಬೆಳ್ಳುಳ್ಳಿಯಂಥ ವಾಸನೆ. ಅಡಿವೆಪ್ಪನಿಗೆ ಅದರ ಅರ್ಥ ತಕ್ಷಣ ತಿಳಿಯಿತು. ವಿಷದ ಅನಿಲ ಎಳೆದ ಪಂಪುಗಳು, ಯಾರೂ ತೊಳೆಸಿರಲಿಲ್ಲ. ತೊಳೆಸಿದ ಸರ್ಟಿಫಿಕೇಟ್ ಇಲ್ಲದ ಪಂಪನ್ನು ಯಾವ ಕಂಪನಿಯೂ ಬಾಗಿಲೊಳಗೆ ಬಿಡುವುದಿಲ್ಲ. ಇಪ್ಪತ್ತೈದು ವರ್ಷ ಹೊಸ ಹುಡುಗರಿಗೆ ಅವನೇ ಹೇಳಿಕೊಟ್ಟಿದ್ದ ಮೊದಲ ಪಾಠ ಅದು.

"ಮುಟ್ಟಬ್ಯಾಡ," ಎಂದು ಇನಾಯತುಲ್ಲಾನನ್ನು ಹಿಂದಕ್ಕೆ ತಳ್ಳಿ ಶಟರ್ ಎಳೆದ. ಆಮೇಲೆ ಕಾಂಕ್ರೀಟಿನ ಮೇಲೆ ಕೂತ. ಇನಾಯತುಲ್ಲಾ ನೀರಿನ ಬಾಟಲಿ ಕೊಟ್ಟ. ಈ ಕೋಣೆ ಹಿಡಿದದ್ದು ಯಾವ ದುಡ್ಡಿನಿಂದ ಎಂದು ಕೇಳಲಿಲ್ಲ.

ಅಪಾಯದ ಕಸ ಸಾಗಿಸುವವರನ್ನು ಕರೆಸಲು ಇನ್ನಷ್ಟು ಕೊಡಬೇಕಾಯಿತು. ಬಳೆಯ ದುಡ್ಡಿನಲ್ಲಿ ಉಳಿದದ್ದೂ ಬ್ಯಾಂಕಿನಲ್ಲಿದ್ದ ಅಷ್ಟಿಷ್ಟೂ ಅದಕ್ಕೆ ಹೋಯಿತು. ಮಾರ್ಚ್ ಹದಿನೇಳು ಬಂದು ಹೋಯಿತು. ನಾಗವ್ವ ಕೇಳಿದಾಗ "ಕಟ್ಟೇನಿ" ಎಂದ. ಅವನು ಬದುಕಿನಲ್ಲಿ ತಪ್ಪು ಲೆಕ್ಕ ಬಹಳ ಹೇಳಿದ್ದ. ಸುಳ್ಳು ಹೇಳಿದ್ದು ಅದೇ ಮೊದಲು.

ಆದರೆ ನಾಗವ್ವ ಸುಮ್ಮನೆ ಕೂತಿರಲಿಲ್ಲ. ಹೆಸರು ಕೊರೆದ ತಟ್ಟೆಯನ್ನು ಅವಳು ಇನಾಯತುಲ್ಲಾನ ಹೆಂಡತಿ ಬದರುನ್ನಿಸಾಳಿಗೆ ತೋರಿಸಿದ್ದಳು. ಬದರುನ್ನಿಸಾ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಫ್ರೀಮಾಂಟಿನ ಪಕ್ಕದ ಸಮುದ್ರದ ಕೊಲ್ಲಿಯ ಆಚೆ ಈಚೆಯ ಅರ್ಧ ಕನ್ನಡದ ಹೆಂಗಸರ ಅಳತೆ ಅವಳ ಪುಸ್ತಕದಲ್ಲಿತ್ತು. ಅವಳು ಆರು ಜನಕ್ಕೆ ಫೋನು ಮಾಡಿ ವಸುಧಾಳನ್ನು ಹುಡುಕಿದಳು.

ಮಾರ್ಚ್ ಕೊನೆಯ ಭಾನುವಾರ ಮಧ್ಯಾಹ್ನ ಇನಾಯತುಲ್ಲಾ ವಿಳಾಸದ ಚೀಟಿ ಹಿಡಿದು ಬಂದ. "ರೆಡ್‌ವುಡ್ ಸಿಟೀಲಿ ಇದಾರಂತೆ. ಗಂಡ ಆಕೇನ ಬಿಟ್ಟು ಟೆಕ್ಸಸ್ಸಿಗೆ ಹೋಗಿದಾರೆ. ಸ್ಟೋರೇಜಿನ ಬಾಡಿಗೆ ಆಯಪ್ಪನ ಕಾರ್ಡಿಂದ ಹೋಗ್ತಿತ್ತಂತೆ, ನಿಲ್ಲಿಸಿಬಿಟ್ಟಿದಾರೆ. ಹರಾಜಾಗಿದ್ದೇ ಆಕೆಗೆ ಗೊತ್ತಿರ್ಲಿಲ್ಲ. ಆಮೇಲೆ ಬಾಗಿಲಿಗೆ ಹೋದಾಗ ಬೇರೆ ಬೀಗ ಇತ್ತಂತೆ."

ನಾಗವ್ವ ಕಪಾಟಿನಿಂದ ಗಂಟು ತಂದು ಊಟದ ಮೇಜಿನ ಮೇಲೆ ಬಿಚ್ಚಿದಳು. ಸರ ಇತ್ತು, ಜುಮುಕಿ ಇದ್ದವು.

"ಬಳಿ ಎಲ್ಲಿ?"

ಅಡಿವೆಪ್ಪ ಕಿಟಕಿಯ ಕಡೆ ನೋಡಿದ. "ಇನ್ಶೂರೆನ್ಸಿಗೆ ಅಂತ ಮಾರಿದೆ."

"ಕಟ್ಟಿದ್ರೇನು?"

ಅವನು ಜುಮುಕಿಗಳನ್ನು ಬಟ್ಟೆಯ ಮೇಲೆ ಒಂದರ ಪಕ್ಕ ಒಂದು ಇಟ್ಟ.

"ನಿಮ್ಮನ್ನ ಕೇಳಾಕತ್ತೇನಿ. ಕಟ್ಟಿದ್ರೇನು?"

"ಪಂಪು ತಗೊಂಡೆ. ಆರು ಪಂಪು... ಈ ಸಲ..." ಎಂದವನು ಅಲ್ಲಿಗೇ ನಿಂತ.

ನಾಗವ್ವ ಕುರ್ಚಿಗೆ ಕೂತಳು, ಬಲಗಾಲು ಮಡಚಲಾಗದೆ ಮುಂದಕ್ಕೆ ಚಾಚಿಕೊಂಡು. ದನಿ ಏರಿಸದೆ ಹೇಳಿದಳು: "ಆ ಮನಿ ಹೋದಾಗ ನಾ ಏನೂ ಅನಲಿಲ್ಲ. ಚೀಲ ತಂದು ತುಂಬಿದ್ರಿ, ಅನಲಿಲ್ಲ. ಹುಳ ತಂದಾಗ ಕೆಳಗಿನವರ ಮನಿಗೆ ಹೋಗಿ ಕೈ ಮುಗಿದು ಬಂದೆ. ಇದು ನನ್ನ ಮಣಕಾಲು ಇತ್ತ್ರಿ. ಇದನ್ನೂ ಹಚ್ಚಿ ಆಡಿದ್ರಿ."

ಇನಾಯತುಲ್ಲಾ ಚೀಟಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಬಾಗಿಲು ಎಳೆದುಕೊಂಡು ಹೋದ.

ಅಂದೇ ಗಂಡ ಹೆಂಡತಿ ಡಂಬಾರ್ಟನ್ ಸೇತುವೆ ದಾಟಿ ರೆಡ್‌ವುಡ್ ಸಿಟಿಗೆ ಹೋದರು. ಕೆಳಗೆ ಉಪ್ಪಿನ ಮಡಿಗಳು ಕೆಂಪಗೆ ಕಾಣುತ್ತಿದ್ದವು. ಗಂಟು ನಾಗವ್ವನ ಮಡಿಲಲ್ಲಿತ್ತು.

ವಸುಧಾ ಯಾರದೋ ಮನೆಯ ಹಿತ್ತಲಿನ ಒಂದು ಕೋಣೆಯಲ್ಲಿದ್ದಳು. ನಲವತ್ತರ ಆಸುಪಾಸು, ಸಣ್ಣ ಕೈಗಳು. ಕೂರಿ ಎಂದಳು. ಕೂರಲು ಒಂದೇ ಕುರ್ಚಿ ಇತ್ತು. ನಾಗವ್ವ ಕೂತಳು, ಅಡಿವೆಪ್ಪ ನಿಂತ. ಗಂಟು ಬಿಚ್ಚಿ ಸರವನ್ನು ಕೈಗೆ ತೆಗೆದುಕೊಂಡ ವಸುಧಾಳ ಕಣ್ಣು ತುಂಬಿತು. ಆಮೇಲೆ ಬಟ್ಟೆಯನ್ನು ಕೊಡವಿ ನೋಡಿದಳು.

"ಎರಡು ಬಳೆ ಇತ್ತಲ್ಲ?"

"ಮಾರೇನ್ರೀ," ಎಂದ ಅಡಿವೆಪ್ಪ. "ತಪ್ಪಾತು. ಇಲ್ಲಿಗೆ ಬರೂ ಮುಂಚೆ ಅಂಗಡಿಗೆ ಫೋನ್ ಮಾಡಿದ್ದೆ. ಕರಗಿಸಾಕ ಕಳಿಸ್ಯಾರಂತ. ದುಡ್ಡು ಪೂರಾ ಕೊಡತೇನ್ರಿ."

"ನಮ್ಮಮ್ಮ ಏರ್‌ಪೋರ್ಟಲ್ಲಿ ಕೈಯಿಂದ ತೆಗೆದು ಹಾಕಿದ್ದು," ಎಂದಳು ವಸುಧಾ. ಬಟ್ಟೆಯನ್ನು ಮಡಚುತ್ತ ಕೇಳಿದಳು, "ಫೋಟೋ ನೋಡಿ ಹರಾಜಲ್ಲಿ ಹಿಡೀತಾರಂತಲ್ಲ. ಏನು ಕಾಣಿಸ್ತು ಫೋಟೋದಲ್ಲಿ?"

"ಗ್ರೈಂಡರು."

"ಹಾಗಾದ್ರೆ ನಮ್ಮೋರದ್ದು ಅಂತ ಗೊತ್ತಿತ್ತು."

"ಗೊತ್ತಿತ್ತ್ರಿ. ಅದಕ್ಕ ಹಿಡಿದೆ."

ವಸುಧಾ ಅವನ ಮುಖವನ್ನೇ ನೋಡುತ್ತಿದ್ದಳು. ಬೈಯುತ್ತಾಳೆಂದು ಅವನು ಕಾದ. ಅವಳು ಬೈಯಲಿಲ್ಲ. ಥ್ಯಾಂಕ್ಸ್ ಎನ್ನಲೂ ಇಲ್ಲ. "ಪಾತ್ರೆಗಳನ್ನ ಯಾವಾಗಾದ್ರೂ ತಂದ್ಕೊಡಿ" ಎಂದಳು ಅಷ್ಟೇ. ಹೊರಡುವಾಗ ನಾಗವ್ವ ಅವಳ ಕೈ ಹಿಡಿಯಲು ಹೋದಳು. ವಸುಧಾ ಸರ ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡೇ ಇದ್ದಳು.

ಸಾಮಾನನ್ನೆಲ್ಲ ಇನಾಯತುಲ್ಲಾ ಎರಡು ಸಲ ಸೇತುವೆ ದಾಟಿ ಮುಟ್ಟಿಸಿ ಬಂದ. ಅಡಿವೆಪ್ಪ ಹೇವರ್ಡಿನ ಒಂದು ಕಂಪನಿಗೆ ಸೇರಿದ. ಅಪಾರ್ಟ್‌ಮೆಂಟುಗಳ ಲಾಂಡ್ರಿ ಕೋಣೆಗಳಿಗೆ ಹೋಗಿ ಬಟ್ಟೆ ಒಣಗಿಸುವ ಯಂತ್ರಗಳ ಹಿಂದೆ ಮಲಗಿ ರಿಪೇರಿ ಮಾಡುವ ಕೆಲಸ. ಸಂಬಳ ಮೊದಲಿನ ಅರ್ಧ. ಐದು ತಿಂಗಳು ಅದರಲ್ಲೊಂದು ಪಾಲನ್ನು ವಸುಧಾಳಿಗೆ ಕಳಿಸಿದ. ಪ್ರತಿ ಸಲ ಅವಳಿಂದ "ಬಂತು" ಎಂಬ ಒಂದು ಮಾತು ಬರುತ್ತಿತ್ತು. ಬಳೆಯ ಬೆಲೆ ಮುಟ್ಟಿದ ಮೇಲೆ ಅದೂ ನಿಂತಿತು.

ಏಪ್ರಿಲ್ ಹದಿನಾಲ್ಕರಂದು ನಾಗವ್ವ ಎಂದಿನಂತೆ ಡೇಕೇರಿಗೆ ಹೋದಳು. ಸರ್ಕಾರದ ಯೋಜನೆಯಲ್ಲಿ ಹೊಸ ಇನ್ಶೂರೆನ್ಸ್ ಸಿಕ್ಕಿತು, ಆದರೆ ಹಳೇ ಡಾಕ್ಟರು ಅದರಲ್ಲಿ ಇರಲಿಲ್ಲ. ಹೊಸ ಡಾಕ್ಟರು, ಹೊಸ ಎಕ್ಸ್‌ರೇ, ಹೊಸ ಸಾಲು. ಏಳು ತಿಂಗಳು ಅವಳು ಊರುಗೋಲು ಹಿಡಿದೇ ಮಕ್ಕಳ ಹಿಂದೆ ಓಡಾಡಿದಳು. ಗಂಡನ ಜೊತೆ ಮಾತು ಬಿಟ್ಟಿರಲಿಲ್ಲ. ಬೇಕಾದಷ್ಟು ಮಾತ್ರ ಆಡುತ್ತಿದ್ದಳು. ಉಪ್ಪು ತಗೊಂಡ ಬರ್ರಿ. ಕಸದ ಡಬ್ಬಿ ಹೊರಗ ಇಡ್ರಿ. ಅವನು ತಂದ, ಇಟ್ಟ. ಒಂದು ಶನಿವಾರ ಕಪಾಟನ್ನೂ ಖಾಲಿ ಮಾಡಿದ. ಚೀಲ, ಕ್ಯಾಲೆಂಡರು, ತಟ್ಟೆ ಎಲ್ಲ ಊರ ಕಸ ಸುರಿಯುವ ಡಂಪಿಗೆ ಹೋದವು. ಸ್ನೇಹಲ್ ಬಂದು ನೋಡಿ, ಖಾಲಿ ಹಲಗೆಗಳ ಮುಂದೆ ಒಂದು ಗಳಿಗೆ ನಿಂತು, "ಆರ್ ಯೂ ಓಕೆ, ಅಪ್ಪಾ?" ಎಂದು ಕೇಳಿದಳು. ಹೂಂ ಎಂದ.

ನವೆಂಬರಿನಲ್ಲಿ ಕೊನೆಗೂ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ನರ್ಸು ನಾಗವ್ವನಿಗೆ ವಾಕರು ಕೊಟ್ಟು, ಕಾರಿಡಾರಿನ ಕೊನೆಯ ಬಾಗಿಲಿನವರೆಗೆ ನಡೆದು ಬರಬೇಕು ಎಂದಳು. ಅಡಿವೆಪ್ಪ ಪಕ್ಕದಲ್ಲಿ ನಡೆದ, ಅವಳನ್ನು ಹಿಡಿಯಲೋ ಬೇಡವೋ ತಿಳಿಯದೆ ತನ್ನ ಕೈಯನ್ನು ಗಾಳಿಯಲ್ಲೇ ಚಾಚಿಕೊಂಡು. ನಾಲ್ಕು ಹೆಜ್ಜೆಗೆ ನಾಗವ್ವನ ಹಣೆ ಬೆವರಿತು. ನೋವಿಗೆ ತುಟಿ ಕಚ್ಚಿಕೊಂಡು ನಿಂತಳು.

"ಏನರ ಮಾತಾಡ್ರಿ," ಎಂದಳು. "ನೋವು ಮರೀಬೇಕು."

"ಏನ ಮಾತಾಡ್ಲಿ?"

"ಮೊದಲ ಹೇಳತಿದ್ರಲ್ಲ, ಹಂತಾದು. ಸಾವಕಾರ ಆದ ಮ್ಯಾಲೆ ಅದು ಮಾಡೋಣು, ಇದು ಮಾಡೋಣು ಅಂತ. ಸುಳ್ಳಾದ್ರೂ ಆಗವಲ್ದ್ಯಾಕ, ಹೇಳ್ರಿ."

ಅಡಿವೆಪ್ಪ ಬಾಯಿ ತೆರೆದ. ಒಂದು ಕಾಲಕ್ಕೆ ಹಲ್ಲುಜ್ಜುವಾಗಲೂ ಮೂರು ಯೋಜನೆ ಹೊಳೆಯುತ್ತಿದ್ದ ಮನುಷ್ಯ. ಕಾರಿಡಾರನ್ನು ನೋಡಿದ, ಕಿಟಕಿಯಾಚೆ ಪಾರ್ಕಿಂಗಿನಲ್ಲಿ ನಿಂತ ಕಾರುಗಳನ್ನು ನೋಡಿದ, ಹೆಂಡತಿಯ ಬೆವತ ಮುಖ ನೋಡಿದ.

"ಏನೂ ಹೊಳೀವಲ್ದು ನಾಗವ್ವ," ಎಂದ.

ಅವಳು ವಾಕರನ್ನು ಒಂದು ಗೇಣು ಮುಂದಕ್ಕಿಟ್ಟಳು. "ಇರಲಿ ಬಿಡ್ರಿ," ಎಂದು, ಬಾಗಿಲು ಎಷ್ಟು ದೂರ ಉಳಿಯಿತು ಎಂದು ತಲೆ ಎತ್ತಿ ನೋಡಿದಳು.